ಎಫ್‌ಐಪಿ: ಬೆಕ್ಕಿನ ಕೊರೊನಾ ಕಾಯಿಲೆಯಲ್ಲಿ ರೋಗನಿರೋಧದ ಪಾತ್ರ

ಪಶುವೈದ್ಯರು ಎಫ್‌ಐಪಿ ಎಂದು ಕರೆಯುವ ಫೆಲೈನ್ ಇನ್ಫೆಕ್ಷಿಯಸ್ ಪೆರಿಟೊನೈಟಿಸ್, ಮಾರ್ಜಾಲ ಕುಟುಂಬದ ಪ್ರಾಣಿಗಳಿಗೆ ಕೊರೊನಾವೈರಸ್‌ನಿಂದ ಬರುವ ಮಾರಕ ಕಾಯಿಲೆ. ಎರಡು ವರ್ಷ ತುಂಬದ ಬೆಕ್ಕುಗಳಲ್ಲಿ ಇದು ಹೆಚ್ಚು. ಬಿಟ್ಟು ಬಿಟ್ಟು ಬರುವ, ಆ್ಯಂಟಿಬಯಾಟಿಕ್‌ಗೆ ಜಗ್ಗದ ಜ್ವರ, ಊಟ ಬಿಟ್ಟು ಸೊರಗುವುದು, ಹೊಟ್ಟೆಯಲ್ಲೋ ಎದೆಗೂಡಿನಲ್ಲೋ ಹಳದಿ ನೀರು ತುಂಬುವುದು ಇದರ ಸಾಮಾನ್ಯ ಚಹರೆ. ಹೀಗೆ ನೀರು ತುಂಬುವುದು 'ಒದ್ದೆ' ರೂಪ. ನೀರು ತುಂಬದೆ ಮೂತ್ರಪಿಂಡ, ಯಕೃತ್ತು, ಕಣ್ಣು, ಮಿದುಳುಗಳಲ್ಲಿ ಉರಿಯೂತದ ಗಂಟುಗಳು ಏಳುವುದು 'ಒಣ' ರೂಪ. ಒಂದೇ ಬೆಕ್ಕಿನಲ್ಲಿ ಒಂದು ರೂಪ ಇನ್ನೊಂದಕ್ಕೆ ತಿರುಗುವುದೂ ಉಂಟು. ಔಷಧವಿಲ್ಲದ ಕಾಲದಲ್ಲಿ ನೀರು ತುಂಬಿದ ಬೆಕ್ಕು ಕೆಲವು ದಿನ, ಹೆಚ್ಚೆಂದರೆ ಕೆಲವು ವಾರ ಬದುಕುತ್ತಿತ್ತು.

ಈ ಕಾಯಿಲೆಯಲ್ಲಿ ವೈರಸ್ ತಾನೇ ಮಾಡುವ ಹಾನಿಗಿಂತ ಬೆಕ್ಕಿನ ರೋಗನಿರೋಧ ವ್ಯವಸ್ಥೆ ಮಾಡುವ ಹಾನಿ ದೊಡ್ಡದು. ರಕ್ತನಾಳ ಸೋರುವಂತೆ ಮಾಡುವುದು, ಅಂಗಾಂಗಗಳಲ್ಲಿ ಗಂಟು ಕಟ್ಟುವುದು, ಟಿ ಕೋಶಗಳನ್ನು ಸಾಯಿಸುವುದು ಎಲ್ಲವೂ ಒಳಗಿನವರದೇ ಕೆಲಸ. ಹಾಗೆಂದು ಆ ವ್ಯವಸ್ಥೆಯನ್ನು ಸ್ಟಿರಾಯ್ಡ್ ಕೊಟ್ಟು ಅಡಗಿಸಿದರೆ ಬೆಕ್ಕು ಉಳಿಯಲಿಲ್ಲ. ಅರ್ಧ ಶತಮಾನ ವೈದ್ಯರನ್ನು ಕಾಡಿದ ಈ ಸಿಕ್ಕು 2019ರ ಹೊತ್ತಿಗೆ ಸಡಿಲವಾಯಿತು. ಆಗ ಸಿಕ್ಕ ಉತ್ತರ ಕೋವಿಡ್ ಕಾಲದ ಮನುಷ್ಯರ ಚಿಕಿತ್ಸೆಗೂ ತಗಲುವಂಥದ್ದು.

ಬಾಸ್ಟನ್ನಿನ ಪಶುವೈದ್ಯೆ ಜೀನ್ ಹೋಲ್ಜ್‌ವರ್ತ್ 1963ರಲ್ಲಿ ಈ ಕಾಯಿಲೆಯನ್ನು ಮೊದಲು ವಿವರಿಸಿದರು. 1966ರಲ್ಲಿ ವುಲ್ಫ್ ಮತ್ತು ಗ್ರೀಸ್‌ಮರ್ ಇದು ಅಂಟುವಂಥದ್ದೆಂದು ತೋರಿಸಿ ಈಗಿನ ಹೆಸರಿಟ್ಟರು. ಅನಂತರದ ಐದು ದಶಕಗಳ ಸಂಶೋಧನೆಯಲ್ಲಿ ಎದ್ದು ಕಾಣುವ ಹೆಸರು ಕ್ಯಾಲಿಫೋರ್ನಿಯದ ಡೇವಿಸ್‌ನ ನೀಲ್ಸ್ ಪೆಡರ್ಸನ್ ಅವರದು. ಕಾಯಿಲೆಯ ಮೂಲದಲ್ಲಿ ರೋಗನಿರೋಧದ ದೋಷವಿದೆ ಎಂದು ವಾದಿಸಿದವರೂ, ಕೊನೆಗೆ ಔಷಧ ಹಿಡಿದು ತಂದವರೂ ಅವರೇ.

ಕರುಳಿನ ವೈರಸ್

ಬೆಕ್ಕಿನ ಕೊರೊನಾವೈರಸ್ ಆಲ್ಫಾ ಕುಲದ್ದು. ಕೋವಿಡ್-19 ತಂದ ಸಾರ್ಸ್-ಕೋವ್-2 ಬೀಟಾ ಕುಲದ್ದು. ದಾಯಾದಿಗಳಾದರೂ ಎರಡರ ದಾರಿ ಬೇರೆ. ಬೆಕ್ಕಿನದು ಮನುಷ್ಯರಿಗೆ ಅಂಟುವುದಿಲ್ಲ. ಹಂದಿಮರಿಗಳಿಗೆ ಭೇದಿ ಹಿಡಿಸುವ ಕೊರೊನಾವೈರಸ್, ನಾಯಿಗಳ ಕೊರೊನಾವೈರಸ್ ಇದಕ್ಕೆ ಹತ್ತಿರದ ಸಂಬಂಧಿಗಳು. ಸುಮಾರು 29,000 ಅಕ್ಷರಗಳ ಒಂದೆಳೆಯ ಆರ್‌ಎನ್‌ಎ ಇದರ ವಂಶವಾಹಿ. ಇದರಲ್ಲಿ ಎರಡು ಬಗೆ. ಲೋಕದ ಹೆಚ್ಚಿನ ಬೆಕ್ಕುಗಳಲ್ಲಿರುವುದು ಮೊದಲ ಬಗೆ. ಎರಡನೆಯದು ನಾಯಿಯ ವೈರಸ್ಸಿನೊಡನೆ ವಂಶವಾಹಿಯ ತುಂಡು ಅದಲುಬದಲಾಗಿ ಹುಟ್ಟಿದ್ದು. ಪ್ರಯೋಗಾಲಯದ ಗಾಜಿನ ತಟ್ಟೆಯಲ್ಲಿ ಸುಲಭವಾಗಿ ಬೆಳೆಯುವುದು ಎರಡನೆಯದೇ ಆದ್ದರಿಂದ ಹಳೆಯ ಪ್ರಯೋಗಗಳಲ್ಲಿ ಹೆಚ್ಚಿನವು ಅದರ ಮೇಲೇ ನಡೆದವು. ಎರಡನೆಯ ಬಗೆ ಕೋಶದೊಳಗೆ ನುಗ್ಗಲು ಅಮೈನೊಪೆಪ್ಟಿಡೇಸ್-ಎನ್ ಎಂಬ ಪ್ರೋಟೀನನ್ನು ಹಿಡಿಯುತ್ತದೆ. ಮೊದಲ ಬಗೆ ಅದನ್ನು ಬಳಸುವುದಿಲ್ಲ. ಎಫ್‌ಐಪಿ ಬಗ್ಗೆ ಪುಸ್ತಕಗಳಲ್ಲಿರುವ ಎಷ್ಟೋ ಮಾತನ್ನು ಅನುಮಾನದಿಂದ ಓದಬೇಕಾಗಿರುವುದು ಇದಕ್ಕೇ.

ವೈರಸ್ ಇರುವುದು ಕರುಳಿನ ಒಳಗೋಡೆಯಲ್ಲಿ, ಹರಡುವುದು ಮಲದಿಂದ. ಹೆಚ್ಚಿನ ಬೆಕ್ಕುಗಳಿಗೆ ಎರಡು ದಿನ ಭೇದಿ, ಅಷ್ಟೇ. ಅದೂ ಕಾಣದಿರುವುದೇ ಹೆಚ್ಚು. ಬೆಕ್ಕು ಬಯಲಲ್ಲಿ ಮಣ್ಣು ಕೆದಕಿ ಮಲ ಮುಚ್ಚಿ ಹೋಗುವ ಕಡೆ ವೈರಸ್ಸಿಗೆ ಇನ್ನೊಂದು ಬೆಕ್ಕು ಸಿಗುವುದು ಅಪರೂಪ. ಬೊಮ್ಮನಹಳ್ಳಿಯಂಥ ಕಡೆ ಲೆಕ್ಕ ಬೇರೆ. ಸಿಲ್ಕ್ ಬೋರ್ಡ್ ಮತ್ತು ಎಲೆಕ್ಟ್ರಾನಿಕ್ ಸಿಟಿಯ ನಡುವೆ ಹೊಸೂರು ರಸ್ತೆಗೆ ಅಂಟಿಕೊಂಡಿರುವ, 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಗೆ ಸೇರುವವರೆಗೆ ತನ್ನದೇ ನಗರಸಭೆಯಿದ್ದ ಈ ಊರು ಈಗ ಗಾರ್ಮೆಂಟ್ಸ್, ಪಿ.ಜಿ., ಬಾಡಿಗೆ ಫ್ಲ್ಯಾಟುಗಳಿಂದ ಕಿಕ್ಕಿರಿದಿದೆ. ಇಂಥ ಕಡೆ ಬೆಕ್ಕು ಸಾಕುವವರು ಅದನ್ನು ಮನೆಯೊಳಗೇ ಇಟ್ಟುಕೊಳ್ಳುತ್ತಾರೆ; ಬೀದಿಯಿಂದ ಒಂದು ಮರಿ ತರುತ್ತಾರೆ, ಅಂಗಡಿಯಿಂದ ಒಂದು ಪರ್ಷಿಯನ್. ಬಾಲ್ಕನಿಯಲ್ಲಿ ಎಲ್ಲಕ್ಕೂ ಸೇರಿ ಒಂದೇ ಲಿಟರ್ ಟ್ರೇ. ಒಣಗಿದ ಲಿಟರ್ ದೂಳಿನಲ್ಲಿ ವೈರಸ್ ವಾರಗಟ್ಟಲೆ ಬದುಕಬಲ್ಲದು. ಹತ್ತಾರು ಬೆಕ್ಕು ಒಟ್ಟಿಗಿರುವ ತಳಿಕೇಂದ್ರ, ಆಶ್ರಯಧಾಮಗಳಲ್ಲಿ ನೂರಕ್ಕೆ ಎಂಬತ್ತು ತೊಂಬತ್ತರಷ್ಟು ಬೆಕ್ಕುಗಳ ರಕ್ತದಲ್ಲಿ ಈ ವೈರಸ್ಸಿನ ಪ್ರತಿಕಾಯ ಸಿಗುವುದು ಹಲವು ದೇಶಗಳಲ್ಲಿ ಕಂಡ ಸಂಗತಿ. ಸೋಂಕು ತಗಲಿದ ಬೆಕ್ಕುಗಳಲ್ಲಿ ಎಫ್‌ಐಪಿಗೆ ತಿರುಗುವುದು ನೂರರಲ್ಲಿ ಐದರಿಂದ ಹನ್ನೆರಡು ಎಂಬುದು ಸಾಮಾನ್ಯವಾಗಿ ಕೊಡುವ ಅಂದಾಜು. ಮನೆ ಬದಲಾವಣೆ, ಸಂತಾನಹರಣ ಶಸ್ತ್ರಚಿಕಿತ್ಸೆ, ಹೊಸ ಬೆಕ್ಕಿನ ಆಗಮನ ಮುಂತಾದ ಒತ್ತಡಗಳ ಬೆನ್ನಿಗೇ ಕಾಯಿಲೆ ಕಾಣಿಸಿಕೊಳ್ಳುವುದನ್ನು ವೈದ್ಯರು ಮತ್ತೆ ಮತ್ತೆ ಗಮನಿಸಿದ್ದಾರೆ.

ಮರಿಗಳಿಗೆ ಮೊದಲ ಐದಾರು ವಾರ ತಾಯಿಯ ಹಾಲಿನಿಂದ ಬಂದ ಪ್ರತಿಕಾಯಗಳ ಕಾವಲಿರುತ್ತದೆ. ಅದು ಇಳಿಯುವ ಹೊತ್ತಿಗೆ ಮರಿ ತಾಯಿಯ ಟ್ರೇಗೇ ಹೋಗಲು ಕಲಿತಿರುತ್ತದೆ.

ಕರುಳಿನ ಸಾಧು ವೈರಸ್ ಮಾರಕವಾಗುವುದು ಆಯಾ ಬೆಕ್ಕಿನ ಮೈಯೊಳಗೇ, ರೂಪಾಂತರಗಳಿಂದ. ವೈರಸ್ಸಿನ ಮುಳ್ಳು (ಸ್ಪೈಕ್) ಪ್ರೋಟೀನಿನ 1058ನೆಯ ಸ್ಥಾನದಲ್ಲಿ ಮಿಥಿಯೊನಿನ್ ಹೋಗಿ ಲ್ಯೂಸಿನ್ ಬರುವುದು, ಅದೇ ಪ್ರೋಟೀನನ್ನು ಫ್ಯೂರಿನ್ ಕಿಣ್ವ ಕತ್ತರಿಸುವ ಜಾಗ ಕೆಡುವುದು, 3ಸಿ ಎಂಬ ಜೀನ್ ಮೊಟಕಾಗುವುದು ಇವುಗಳಲ್ಲಿ ಹೆಸರಾದವು. 1058ರ ಬದಲಾವಣೆಯನ್ನು ಒಂದು ಕಾಲಕ್ಕೆ ಎಫ್‌ಐಪಿಯ ಗುರುತೆಂದೇ ಎಣಿಸಿದ್ದರು. ಕಾಯಿಲೆಯಿಲ್ಲದ ಬೆಕ್ಕುಗಳ ಅಂಗಾಂಗಗಳಲ್ಲೂ ಅದು ಸಿಕ್ಕ ಮೇಲೆ, ವೈರಸ್ ಕರುಳು ದಾಟಿ ಮೈಯೆಲ್ಲ ಹರಡಿದೆ ಎಂಬುದಕ್ಕಷ್ಟೇ ಅದು ಸಾಕ್ಷಿ ಎನ್ನುವ ಮಾತು ಬಲವಾಯಿತು. ಹೀಗೆ ಬದಲಾದ ವೈರಸ್ ಸಾಮಾನ್ಯವಾಗಿ ಮಲದಲ್ಲಿ ಹೊರಬೀಳದು. ಆದ್ದರಿಂದ ಎಫ್‌ಐಪಿ ಬಂದ ಬೆಕ್ಕಿನಿಂದ ಪಕ್ಕದ ಬೆಕ್ಕಿಗೆ ಎಫ್‌ಐಪಿಯೇ ಅಂಟುವುದು ವಿರಳ; ಅಂಟುವುದು ಕರುಳಿನ ವೈರಸ್. ಈ ನಿಯಮ ಮುರಿದದ್ದು ಸೈಪ್ರಸ್ ದ್ವೀಪದಲ್ಲಿ. 2023ರಲ್ಲಿ ಅಲ್ಲಿ ನಾಯಿಯ ಕೊರೊನಾವೈರಸ್ಸಿನ ಮುಳ್ಳನ್ನು ಪಡೆದ ಹೊಸ ಮಿಶ್ರತಳಿ, ಎಫ್‌ಕೋವ್-23, ಬೆಕ್ಕಿನಿಂದ ಬೆಕ್ಕಿಗೆ ನೇರವಾಗಿ ಹರಡಿ ದೊಡ್ಡ ಸಂಖ್ಯೆಯಲ್ಲಿ ಬೆಕ್ಕುಗಳನ್ನು ಕೊಂದಿತು.

ಮ್ಯಾಕ್ರೋಫೇಜ್ ಎಂಬ ಆಶ್ರಯ

ರಕ್ತದಲ್ಲಿ ಓಡಾಡುವ ಮೊನೊಸೈಟ್, ಅಂಗಾಂಗಗಳಲ್ಲಿ ನೆಲೆನಿಂತ ಮ್ಯಾಕ್ರೋಫೇಜ್, ಇವೆರಡೂ ಹೊರಗಿನಿಂದ ಬಂದದ್ದನ್ನು ನುಂಗಿ ಅರಗಿಸುವ ಬಿಳಿ ರಕ್ತಕಣಗಳು. ಎಫ್‌ಐಪಿ ವೈರಸ್ ಆರಿಸಿಕೊಂಡಿರುವುದು ಇವನ್ನೇ. ಕರುಳಿನ ಸಾಧು ವೈರಸ್ಸೂ ಮೊನೊಸೈಟ್ ಒಳಗೆ ಹೋಗಬಲ್ಲದು, ಆದರೆ ಅಲ್ಲಿ ಬಹಳ ಹೊತ್ತು ಬೆಳೆಯಲಾರದು. ರೂಪಾಂತರಗೊಂಡದ್ದು ಅಲ್ಲೇ ಸಂತಾನ ಬೆಳೆಸುತ್ತದೆ. ನುಂಗುವ ಕೋಶವೇ ಸಾಗಣೆಯ ವಾಹನವಾಗುವುದರಿಂದ ಮೂತ್ರಪಿಂಡ, ಕಣ್ಣು, ಮಿದುಳಿನ ಪೊರೆ ಯಾವುದೂ ಅದಕ್ಕೆ ದೂರವಲ್ಲ.

ಬೆಲ್ಜಿಯಂನ ಘೆಂಟ್ ವಿಶ್ವವಿದ್ಯಾಲಯದಲ್ಲಿ ಹಾನ್ಸ್ ನಾವಿಂಕ್ ಅವರ ತಂಡ ಇಲ್ಲಿ ಒಂದು ಚಾಲಾಕಿತನವನ್ನು ಪತ್ತೆಹಚ್ಚಿತು. ಸೋಂಕು ತಗಲಿದ ಕೋಶ ತನ್ನ ಹೊರಮೈ ಮೇಲೆ ವೈರಸ್ಸಿನ ಪ್ರೋಟೀನುಗಳನ್ನು ತೋರಿಸಬೇಕು. ಅದನ್ನು ನೋಡಿಯೇ ಪ್ರತಿಕಾಯಗಳು ಬಂದು ಕೂರುವುದು, ಕಾಂಪ್ಲಿಮೆಂಟ್ ಪ್ರೋಟೀನುಗಳು ಕೋಶವನ್ನು ಒಡೆಯುವುದು. ಎಫ್‌ಐಪಿಯಲ್ಲಿ ಸೋಂಕಿತ ಮೊನೊಸೈಟ್‌ಗಳಲ್ಲಿ ಸುಮಾರು ಅರ್ಧದಷ್ಟು ಹೊರಮೈಯಲ್ಲಿ ಏನನ್ನೂ ತೋರುವುದಿಲ್ಲ. ತೋರಿದ ಉಳಿದವುಗಳಲ್ಲಿ, ಪ್ರತಿಕಾಯ ಬಂದು ಕೂತ ಕೆಲವೇ ನಿಮಿಷದಲ್ಲಿ ಪ್ರೋಟೀನೂ ಪ್ರತಿಕಾಯವೂ ಒಟ್ಟಿಗೆ ಕೋಶದ ಒಳಕ್ಕೆ ಸೇರಿಹೋಗುತ್ತವೆ. ರಕ್ತದಲ್ಲಿ ಪ್ರತಿಕಾಯ ಎಷ್ಟಿದ್ದರೂ ಗುರಿಯೇ ಕಾಣದ ಸ್ಥಿತಿ. ಇದರ ಜೊತೆಗೆ ವೈರಸ್ಸಿನ 7ಎ ಪ್ರೋಟೀನು ಇಂಟರ್‌ಫೆರಾನ್‌ನ ಪರಿಣಾಮವನ್ನು ತಡೆಯುತ್ತದೆ. ಎನ್‌ಎಸ್‌ಪಿ5 ಎಂಬ ಕಿಣ್ವ ಇಂಟರ್‌ಫೆರಾನ್ ಹುಟ್ಟಿಸಲು ಬೇಕಾದ ಸಂದೇಶವಾಹಕವೊಂದನ್ನು ಕತ್ತರಿಸಿಹಾಕುತ್ತದೆ. ಅಂದರೆ ಮೊದಲ ಎಚ್ಚರಿಕೆಯ ಕೂಗೇ ಏಳದು.

ಇಷ್ಟಾದರೂ ಮ್ಯಾಕ್ರೋಫೇಜ್ ಸುಮ್ಮನಿರುವುದಿಲ್ಲ. ವೈರಸ್ಸನ್ನು ಕೊಲ್ಲಲಾರದೆ ಉರಿಯೂತದ ಸೈಟೊಕೈನುಗಳನ್ನು ಸುರಿಸುತ್ತ ಹೋಗುತ್ತದೆ: ಟಿಎನ್‌ಎಫ್-ಆಲ್ಫಾ, ಇಂಟರ್‌ಲ್ಯೂಕಿನ್-1 ಬೀಟಾ, ಇಂಟರ್‌ಲ್ಯೂಕಿನ್-6. ಬೆಕ್ಕಿನ ಜ್ವರ, ಸೊರಗು ಇವುಗಳಿಂದಲೇ. ಇಂಟರ್‌ಲ್ಯೂಕಿನ್-6 ಯಕೃತ್ತನ್ನೂ ಬಿ ಕೋಶಗಳನ್ನೂ ಕೆಣಕುತ್ತದೆ. ಯಕೃತ್ತು ಆಲ್ಫಾ-1 ಆ್ಯಸಿಡ್ ಗ್ಲೈಕೊಪ್ರೋಟೀನನ್ನು ಎಷ್ಟೋ ಪಟ್ಟು ಹೆಚ್ಚು ತಯಾರಿಸುತ್ತದೆ, ಬಿ ಕೋಶಗಳು ಪ್ರತಿಕಾಯಗಳ ಪ್ರವಾಹವನ್ನೇ ಹರಿಸುತ್ತವೆ. ಮ್ಯಾಕ್ರೋಫೇಜುಗಳು ಹೊರಬಿಡುವ ವಿಇಜಿಎಫ್ ಎಂಬ ದ್ರವ್ಯ ರಕ್ತನಾಳದ ಗೋಡೆಯ ಕೋಶಗಳ ಬೆಸುಗೆಯನ್ನು ಸಡಿಲಿಸುತ್ತದೆ. ಹೊಟ್ಟೆಗೆ ನೀರು ಇಳಿಯುವುದು ಆ ಸಂದಿಗಳಿಂದ. ಹೊಟ್ಟೆನೀರಿನ ಪ್ರಮಾಣ ಹೆಚ್ಚಿದಷ್ಟೂ ವಿಇಜಿಎಫ್ ಹೆಚ್ಚಿರುವುದನ್ನು ಜಪಾನಿನ ಸಂಶೋಧಕರು ತೋರಿಸಿದರು.

ರಕ್ತನಾಳದ ಈ ಗಾಯವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕಣ್ಣಿಗೆ ಬೀಳುವುದು ಸಣ್ಣ ಮತ್ತು ಮಧ್ಯಮ ಗಾತ್ರದ ಅಭಿಧಮನಿ. ಅದರ ಸುತ್ತ ಮ್ಯಾಕ್ರೋಫೇಜುಗಳು ದಟ್ಟವಾಗಿ ನೆರೆದಿರುತ್ತವೆ. ನಡುನಡುವೆ ನ್ಯೂಟ್ರೊಫಿಲ್, ಅಂಚಿನಲ್ಲಿ ಬಿ ಕೋಶ ಮತ್ತು ಪ್ಲಾಸ್ಮಾ ಕೋಶಗಳು. ಟಿ ಕೋಶ ಅಲ್ಲೊಂದು ಇಲ್ಲೊಂದು. ನಾಳದ ಒಳಗೋಡೆಗೆ ಅಂಟಿಕೊಂಡ ಮೊನೊಸೈಟ್ ಗೋಡೆ ತೂರಿ ಹೊರಬರುತ್ತಿರುವ ನೋಟವೂ ಕೆಲವು ತುಣುಕುಗಳಲ್ಲಿ ಸಿಗುತ್ತದೆ. ರೋಗನಿದಾನ ತಜ್ಞೆ ಆನ್ಯಾ ಕಿಪರ್ ಈ ಗಾಯಗಳನ್ನು ಸಾಲಾಗಿ ಪರೀಕ್ಷಿಸಿ, ಇದು ಎಲ್ಲ ರಕ್ತನಾಳಗಳಿಗೂ ಬರುವುದಿಲ್ಲ, ಮೂತ್ರಪಿಂಡದ ಹೊರಪದರ, ಕಣ್ಣು, ಮಿದುಳಿನ ಪೊರೆಗಳ ಅಭಿಧಮನಿಗಳಿಗೆ ಹೆಚ್ಚು ಎಂದು 2005ರಲ್ಲಿ ತೋರಿಸಿದರು. ಇದರಿಂದ ಹಳೆಯ ವಿವರಣೆಯೊಂದಕ್ಕೆ ಪೆಟ್ಟು ಬಿತ್ತು. ಪ್ರತಿಕಾಯ ಮತ್ತು ವೈರಸ್ ಕೂಡಿ ಆದ ಗಂಟುಗಳು ನಾಳದ ಗೋಡೆಯಲ್ಲಿ ಕೂತು ಕಾಂಪ್ಲಿಮೆಂಟ್ ಕೆರಳಿಸುತ್ತವೆ, ಅದೇ ಕಾಯಿಲೆಯ ಬೇರು ಎಂದು 1980ರ ದಶಕದಲ್ಲಿ ಪಾಠ ಹೇಳುತ್ತಿದ್ದರು. ಅಂಥ ಗಂಟುಗಳು ಇರುವುದು ನಿಜ. ಆದರೆ ಅವುಗಳಿಂದಾದ ನಾಳದ ಉರಿಯೂತ ಧಮನಿಗಳನ್ನೂ ಬಿಡಬಾರದು. ಎಫ್‌ಐಪಿಯಲ್ಲಿ ಅಭಿಧಮನಿಗಳೇ ಕೆಡುವುದನ್ನು ನೋಡಿದರೆ ಮೂಲ ಪಾತ್ರ ಕೆರಳಿದ ಮೊನೊಸೈಟಿನದೆಂದು ಒಪ್ಪಬೇಕಾಗುತ್ತದೆ.

ಪ್ರತಿಕಾಯಗಳಿಂದಲೇ ಕೇಡು

ಪೆಡರ್ಸನ್ ಮತ್ತು ಬಾಯ್ಲ್ 1980ರಲ್ಲಿ ಪ್ರಕಟಿಸಿದ ಪ್ರಯೋಗ ಲಸಿಕೆ ಮಾಡುವವರ ನಿದ್ದೆ ಕೆಡಿಸಿತು. ಮೊದಲೇ ಪ್ರತಿಕಾಯವಿದ್ದ ಮರಿಗಳಿಗೆ ಎಫ್‌ಐಪಿ ವೈರಸ್ ಕೊಟ್ಟರೆ, ಪ್ರತಿಕಾಯವಿಲ್ಲದ ಮರಿಗಳಿಗಿಂತ ಬೇಗ ಸತ್ತವು. ಪ್ರತಿಕಾಯ ವೈರಸ್ಸನ್ನು ಹಿಡಿಯುತ್ತದೆ. ಪ್ರತಿಕಾಯದ ಬಾಲವನ್ನು ಮ್ಯಾಕ್ರೋಫೇಜಿನ ಮೇಲಿರುವ ಎಫ್‌ಸಿ ಗ್ರಾಹಕ ಹಿಡಿಯುತ್ತದೆ. ವೈರಸ್ ತನಗೆ ಬೇಕಾದ ಕೋಶದೊಳಕ್ಕೆ ಸಲೀಸಾಗಿ ಸಾಗುತ್ತದೆ. ಬೆಂಗಳೂರಿನವರಿಗೆ ಇದರ ಇನ್ನೊಂದು ಉದಾಹರಣೆ ಪರಿಚಿತ: ಡೆಂಗಿ ಎರಡನೆಯ ಸಲ, ಬೇರೆ ಬಗೆಯ ವೈರಸ್ಸಿನಿಂದ ಬಂದಾಗ ಜೋರಾಗುವುದಕ್ಕೆ ಕೊಡುವ ವಿವರಣೆಯೂ ಇದೇ.

1990ರಲ್ಲಿ ನೆದರ್ಲೆಂಡ್ಸ್‌ನ ಯೂಟ್ರೆಕ್ಟ್ ತಂಡ ಎಫ್‌ಐಪಿ ವೈರಸ್ಸಿನ ಮುಳ್ಳು ಪ್ರೋಟೀನನ್ನು ವ್ಯಾಕ್ಸಿನಿಯಾ ವೈರಸ್ಸಿಗೆ ಸೇರಿಸಿ ಲಸಿಕೆ ಮಾಡಿ ನೋಡಿತು. ಲಸಿಕೆ ಪಡೆದ ಮರಿಗಳೇ ಮೊದಲು ಸತ್ತವು. ಮೂವತ್ತು ವರ್ಷಗಳ ನಂತರ ಕೋವಿಡ್ ಲಸಿಕೆಗಳು ತಯಾರಾಗುವಾಗ ಮುಳ್ಳು ಪ್ರೋಟೀನಿನ ಬಗ್ಗೆ ವಿಜ್ಞಾನಿಗಳಲ್ಲಿ ಮೂಡಿದ ಭಯದ ಒಂದು ಬೇರು ಈ ಪ್ರಯೋಗದಲ್ಲಿದೆ. ಮನುಷ್ಯರಲ್ಲಿ ಆ ಭಯ ನಿಜವಾಗಲಿಲ್ಲ. ಬೆಕ್ಕಿನಲ್ಲೂ ಪ್ರಯೋಗಾಲಯದ ಹೊರಗೆ ಇದು ನಡೆಯುತ್ತದೆಯೇ ಎಂಬುದು ಬೇರೆ ಪ್ರಶ್ನೆ. ಬ್ರಿಟನ್ನಿನ ಡಯಾನ್ ಆ್ಯಡಿ ಮನೆಬೆಕ್ಕುಗಳನ್ನು ವರ್ಷಗಟ್ಟಲೆ ಹಿಂಬಾಲಿಸಿ 1995ರಲ್ಲಿ ವರದಿ ಮಾಡಿದರು. ಪ್ರತಿಕಾಯವಿದ್ದು ಮತ್ತೆ ಸೋಂಕಿಗೆ ಒಳಗಾದ ಬೆಕ್ಕುಗಳಲ್ಲಿ ಎಫ್‌ಐಪಿ ಹೆಚ್ಚಾಗಿರಲಿಲ್ಲ. ಪ್ರಯೋಗಾಲಯದಲ್ಲಿ ಬಳಸಿದ್ದು ಎರಡನೆಯ ಬಗೆಯ ತೀಕ್ಷ್ಣ ತಳಿ, ಮನೆಗಳಲ್ಲಿರುವುದು ಮೊದಲ ಬಗೆ. ನನ್ನ ದೃಷ್ಟಿಯಲ್ಲಿ ಆ್ಯಡಿ ಅವರ ಬೆಕ್ಕುಗಳೇ ಹೆಚ್ಚು ನಂಬತಕ್ಕ ಸಾಕ್ಷಿ.

ಏನೇ ಇರಲಿ, ಲಸಿಕೆಯ ದಾರಿ ಕಿರಿದಾಯಿತು. ಅಮೆರಿಕದಲ್ಲಿ 1991ರಿಂದ ಮೂಗಿನಲ್ಲಿ ಹಾಕುವ ಲಸಿಕೆಯೊಂದಿದೆ. ತಣ್ಣನೆಯ ಮೂಗಿನಲ್ಲಷ್ಟೇ ಬೆಳೆಯುವಂತೆ ಪಳಗಿಸಿದ ವೈರಸ್ ಅದು. ಮರಿಗೆ ಹದಿನಾರು ವಾರ ತುಂಬಿದ ಮೇಲೆ ಕೊಡಬೇಕು, ಅಷ್ಟರೊಳಗೆ ಹೆಚ್ಚಿನ ಮರಿಗಳಿಗೆ ಸೋಂಕು ತಗಲಿಯೇ ಇರುತ್ತದೆ. ತಜ್ಞರ ಮಂಡಳಿಗಳು ಅದನ್ನು ಸಾಮಾನ್ಯ ಬಳಕೆಗೆ ಶಿಫಾರಸು ಮಾಡುವುದಿಲ್ಲ. ಬೇರೆ ಹಲವು ವೈರಸ್ಸುಗಳ ವಿಷಯದಲ್ಲಿ ಪ್ರತಿಕಾಯ ಹೀಗೆ ಕೈಕೊಡುವುದಿಲ್ಲ. ಬೊಮ್ಮನಹಳ್ಳಿಗೆ ದೂರವಲ್ಲದ ಬನ್ನೇರುಘಟ್ಟ ಜೈವಿಕ ಉದ್ಯಾನದಲ್ಲಿ 2023ರ ಆಗಸ್ಟ್-ಸೆಪ್ಟೆಂಬರ್‌ನಲ್ಲಿ ಏಳು ಚಿರತೆ ಮರಿಗಳನ್ನು ಕೊಂದ ಪ್ಯಾನ್‌ಲ್ಯೂಕೊಪೀನಿಯಾ ಪಾರ್ವೊ ಗುಂಪಿನ ವೈರಸ್ಸಿನದು. ಮರಿಗಳಿಗೆ ಲಸಿಕೆ ಆಗಿತ್ತು ಎಂದು ಉದ್ಯಾನದ ಅಧಿಕಾರಿಗಳು ಆಗ ಹೇಳಿದ್ದರು. ಆದರೂ ಆ ಕಾಯಿಲೆಯಲ್ಲಿ ಪ್ರತಿಕಾಯ ಸಾಕಷ್ಟಿದ್ದರೆ ರಕ್ಷಣೆ ಖಚಿತ ಎಂಬ ನಿಯಮ ಉಳಿದಿದೆ. ಎಫ್‌ಐಪಿಯಲ್ಲಿ ಅಂಥ ನಿಯಮವಿಲ್ಲ.

ಟಿ ಕೋಶಗಳ ಪಾಲು

ಬೆಕ್ಕನ್ನು ಕಾಯುವುದು ಕೋಶಗಳ ಮೂಲಕ ನಡೆಯುವ ನಿರೋಧ, ಅಂದರೆ ಟಿ ಕೋಶಗಳ ಕೆಲಸ. ಪೆಡರ್ಸನ್ ಹಾಕಿಕೊಟ್ಟ ಚೌಕಟ್ಟಿನಲ್ಲಿ, ಟಿ ಕೋಶಗಳು ಬಲವಾಗಿ ಎದ್ದರೆ ಕಾಯಿಲೆ ಬರುವುದಿಲ್ಲ. ಅವು ಏಳದೆ ಪ್ರತಿಕಾಯ ಮಾತ್ರ ಎದ್ದರೆ ಒದ್ದೆ ರೂಪ. ಟಿ ಕೋಶಗಳು ಅರೆಬರೆ ಎದ್ದು, ವೈರಸ್ಸನ್ನು ಕೊಲ್ಲಲಾರದೆ ಅಲ್ಲಲ್ಲಿ ಸುತ್ತುಗಟ್ಟಿ ನಿಲ್ಲಿಸಿದರೆ ಒಣ ರೂಪ. ಈ ಚೌಕಟ್ಟು ತೀರ ಅಚ್ಚುಕಟ್ಟಾಗಿದೆ ಎಂಬ ಆಕ್ಷೇಪವಿದ್ದರೂ ಕ್ಲಿನಿಕ್ಕಿನಲ್ಲಿ ಕಾಣುವುದಕ್ಕೆ ಇಷ್ಟು ಹೊಂದುವ ಇನ್ನೊಂದು ವಿವರಣೆ ಬಂದಿಲ್ಲ.

ಯೂಟ್ರೆಕ್ಟ್‌ನಲ್ಲಿ ನಡೆದು 2005ರಲ್ಲಿ ಪ್ರಕಟವಾದ ಅಧ್ಯಯನ ಇದಕ್ಕೆ ದಿನದಿನದ ಚಿತ್ರ ಕೊಟ್ಟಿತು. ಸೋಂಕು ತಗಲಿದ ಬೆಕ್ಕುಗಳಿಗೆ ಜ್ವರ, ತೂಕ ಇಳಿಕೆ, ಲಿಂಫೊಸೈಟ್ ಕುಸಿತ ಮೂರೂ ಜೊತೆಜೊತೆಗೆ, ಅಲೆಅಲೆಯಾಗಿ ಬಂದವು. ರಕ್ತದಲ್ಲಿ ವೈರಸ್ ಏರಿದಾಗ ಸಿಡಿ4, ಸಿಡಿ8 ಟಿ ಕೋಶಗಳು ಇಳಿದವು. ಟಿ ಕೋಶಗಳು ಚೇತರಿಸಿಕೊಂಡಾಗ ವೈರಸ್ ಇಳಿಯಿತು. ಕೆಲವು ಬೆಕ್ಕುಗಳು ಮೊದಲ ಅಲೆಯಲ್ಲೇ ಸತ್ತವು, ಕೆಲವು ಎರಡು ಮೂರು ಅಲೆ ದಾಟಿ ಸತ್ತವು, ಕೆಲವು ಉಳಿದವು. ವಿಚಿತ್ರವೆಂದರೆ ಟಿ ಕೋಶಗಳಿಗೆ ವೈರಸ್ ತಗಲುವುದೇ ಇಲ್ಲ. ಸೋಂಕಿತ ಮ್ಯಾಕ್ರೋಫೇಜ್ ಸುರಿಸುವ ಟಿಎನ್‌ಎಫ್-ಆಲ್ಫಾ ಅವುಗಳನ್ನು ಆತ್ಮನಾಶಕ್ಕೆ ದೂಡುತ್ತದೆ. ಸೋಂಕಿತ ಕೋಶಗಳನ್ನು ಕೊಲ್ಲುವ ಎನ್‌ಕೆ ಕೋಶಗಳೂ ಕಾಯಿಲೆಬಿದ್ದ ಬೆಕ್ಕುಗಳಲ್ಲಿ ಸೊರಗಿರುತ್ತವೆ. ಉರಿಯೂತಕ್ಕೆ ಲಗಾಮು ಹಾಕಬೇಕಾದ ನಿಯಂತ್ರಕ ಟಿ ಕೋಶಗಳೂ ಅಷ್ಟೇ. ಕೊಲ್ಲುವವರೂ ಇಲ್ಲ, ತಡೆಯುವವರೂ ಇಲ್ಲ. ಉಳಿದದ್ದು ಮ್ಯಾಕ್ರೋಫೇಜಿನ ಗದ್ದಲ.

ಯಾವ ಬೆಕ್ಕಿಗೆ ಟಿ ಕೋಶಗಳು ಕೈಕೊಡುತ್ತವೆ ಎಂಬುದರಲ್ಲಿ ವಂಶದ ಪಾಲಿದೆ. ಬರ್ಮನ್ ಮೊದಲಾದ ತಳಿಗಳಲ್ಲಿ ಎಫ್‌ಐಪಿ ಹೆಚ್ಚು. ಇದರ ಅತಿರೇಕದ ಉದಾಹರಣೆ ಚೀತಾ. ಅಮೆರಿಕದ ಓರೆಗನ್ ರಾಜ್ಯದ ವಿನ್‌ಸ್ಟನ್‌ನಲ್ಲಿರುವ ವೈಲ್ಡ್‌ಲೈಫ್ ಸಫಾರಿಗೆ 1982ರಲ್ಲಿ ಕೊರೊನಾವೈರಸ್ ನುಗ್ಗಿ ಅಲ್ಲಿನ ಚೀತಾಗಳಲ್ಲಿ ಅರ್ಧಕ್ಕೂ ಹೆಚ್ಚನ್ನು ಕೊಂದಿತು. ಅಲ್ಲೇ ಇದ್ದ ಸಿಂಹಗಳಿಗೆ ಏನೂ ಆಗಲಿಲ್ಲ. ಸ್ಟೀಫನ್ ಒಬ್ರಿಯನ್ ಮತ್ತವರ ಜೊತೆಗಾರರು 1985ರಲ್ಲಿ ಕೊಟ್ಟ ವಿವರಣೆ ಪ್ರಸಿದ್ಧ: ಚೀತಾಗಳು ಪರಸ್ಪರ ಎಷ್ಟು ಹೋಲುತ್ತವೆಂದರೆ, ರಕ್ತಸಂಬಂಧವಿಲ್ಲದ ಒಂದರ ಚರ್ಮವನ್ನು ಇನ್ನೊಂದಕ್ಕೆ ಕಸಿ ಮಾಡಿದರೂ ದೇಹ ಅದನ್ನು ಬೇಗ ತಿರಸ್ಕರಿಸುವುದಿಲ್ಲ. ವೈರಸ್ಸಿನ ತುಣುಕುಗಳನ್ನು ಟಿ ಕೋಶಗಳಿಗೆ ತೋರಿಸುವ ಎಂಎಚ್‌ಸಿ ಪ್ರೋಟೀನುಗಳಲ್ಲಿ ವೈವಿಧ್ಯವಿಲ್ಲದಿದ್ದರೆ ಒಂದನ್ನು ಸೋಲಿಸಿದ ವೈರಸ್ ಎಲ್ಲವನ್ನೂ ಸೋಲಿಸುತ್ತದೆ. ಮೈಸೂರಿನ ಶ್ರೀ ಚಾಮರಾಜೇಂದ್ರ ಮೃಗಾಲಯಕ್ಕೆ 2020ರ ಆಗಸ್ಟ್‌ನಲ್ಲಿ ದಕ್ಷಿಣ ಆಫ್ರಿಕದಿಂದ ಮೂರು ಚೀತಾ ಬಂದವು. ಮಧ್ಯಪ್ರದೇಶದ ಕುನೊಗೆ 2022ರ ಸೆಪ್ಟೆಂಬರ್‌ನಲ್ಲಿ ಎಂಟು, ಮರುವರ್ಷ ಫೆಬ್ರುವರಿಯಲ್ಲಿ ಹನ್ನೆರಡು ಬಂದವು. ಊರ ಬೆಕ್ಕಿನ ಮಲ ಇವುಗಳ ಆವರಣಕ್ಕೆ ಸೇರದಂತೆ ನೋಡಿಕೊಳ್ಳುವುದು ಆದ್ದರಿಂದ ಬರಿಯ ಶುಚಿತ್ವದ ಮಾತಲ್ಲ.

ಪತ್ತೆ

ಎಫ್‌ಐಪಿಯ ಹೊಟ್ಟೆನೀರನ್ನು ಸಿರಿಂಜಿನಲ್ಲಿ ತೆಗೆದಾಗ ಒಣಹುಲ್ಲಿನ ಬಣ್ಣವಿರುತ್ತದೆ, ಮೊಟ್ಟೆಯ ಬಿಳಿ ಲೋಳೆಯ ಹಾಗೆ ಎಳೆ ಬರುತ್ತದೆ. ಪ್ರೋಟೀನ್ ಲೀಟರಿಗೆ 35 ಗ್ರಾಂಗಿಂತ ಹೆಚ್ಚು, ಕೋಶಗಳು ಕಡಿಮೆ. ಸಣ್ಣ ಕ್ಲಿನಿಕ್ಕಿನಲ್ಲೂ ಮಾಡಬಹುದಾದ ಪರೀಕ್ಷೆ ರಿವಾಲ್ಟಾ. ಗಾಜಿನ ನಳಿಕೆಯಲ್ಲಿ ಎಂಟು ಮಿಲಿಲೀಟರ್ ಡಿಸ್ಟಿಲ್ಡ್ ನೀರು, ಅದಕ್ಕೆ ಒಂದು ಹನಿ ಗಾಢ ಅಸಿಟಿಕ್ ಆಮ್ಲ, ಚೆನ್ನಾಗಿ ಕಲಕಿದ ಮೇಲೆ ಹೊಟ್ಟೆನೀರಿನ ಒಂದು ಹನಿಯನ್ನು ಮೆಲ್ಲನೆ ಬಿಡಬೇಕು. ಹನಿ ಕರಗಿ ನೀರು ತಿಳಿಯಾದರೆ ಎಫ್‌ಐಪಿ ಅಲ್ಲ ಎಂದು ಬಹುಮಟ್ಟಿಗೆ ನಂಬಬಹುದು. ಹನಿ ಆಕಾರ ಕಳೆದುಕೊಳ್ಳದೆ ಮೇಲೆ ನಿಂತರೆ, ಇಲ್ಲವೇ ಬಾಲ ಬಿಟ್ಟುಕೊಂಡು ನಿಧಾನವಾಗಿ ತಳಕ್ಕಿಳಿದರೆ ಅನುಮಾನ ಗಟ್ಟಿ. ಆದರೆ ಬ್ಯಾಕ್ಟೀರಿಯಾ ಸೋಂಕು, ಲಿಂಫೋಮಾಗಳಲ್ಲೂ ಹೀಗಾಗುತ್ತದೆ. ಹನಿಯನ್ನು ಹಾಗೆ ಹಿಡಿದಿಡುವುದು ಸೋರಿಬಂದ ಪ್ರೋಟೀನುಗಳು, ಫೈಬ್ರಿನ್, ಉರಿಯೂತದ ದ್ರವ್ಯಗಳು. ಮೇಲೆ ಹೇಳಿದ ಕಥೆಯೆಲ್ಲ ಆ ನಳಿಕೆಯಲ್ಲಿ ಕಾಣುತ್ತದೆ.

ರಕ್ತದಲ್ಲಿ ಆಲ್ಬುಮಿನ್ ಮತ್ತು ಗ್ಲಾಬ್ಯುಲಿನ್ ಅನುಪಾತ ನೋಡುತ್ತಾರೆ. 0.4ಕ್ಕಿಂತ ಇಳಿದರೆ ಎಫ್‌ಐಪಿ ಸಂಭವ ಹೆಚ್ಚು, 0.8 ದಾಟಿದರೆ ತೀರ ಕಡಿಮೆ. ಹೊಟ್ಟೆನೀರಿನ ಮೇಲೆ ಆರ್‌ಟಿ-ಪಿಸಿಆರ್ ಮಾಡಬಹುದು; ಅಂಗಾಂಶದ ಮ್ಯಾಕ್ರೋಫೇಜುಗಳೊಳಗೆ ವೈರಸ್ ಪ್ರೋಟೀನನ್ನು ಬಣ್ಣ ಹಿಡಿಸಿ ತೋರಿಸಿದರೆ ಸಂದೇಹಕ್ಕೆ ಎಡೆಯಿಲ್ಲ. ಹಣ ಕೊಟ್ಟು ಮಾಡಿಸಿ ಹೆದರುವ ಪರೀಕ್ಷೆ ಒಂದಿದೆ, ಪ್ರತಿಕಾಯದ ಟೈಟರ್. ಅದು ಕರುಳಿನ ಸಾಧು ವೈರಸ್ಸಿಗೂ ಮಾರಕ ವೈರಸ್ಸಿಗೂ ವ್ಯತ್ಯಾಸ ತೋರದು. ಆರೋಗ್ಯವಾಗಿರುವ ಬೆಕ್ಕಿಗೆ ಅದನ್ನು ಮಾಡಿಸಿ ಎಫ್‌ಐಪಿ ಎನ್ನುವುದು ತಪ್ಪು.

ಅಡಗಿಸುವುದೋ, ವೈರಸ್ಸನ್ನು ತಡೆಯುವುದೋ

ರೋಗನಿರೋಧವೇ ಹಾನಿ ಮಾಡುತ್ತಿದೆ ಎಂದಾಗ ಅದನ್ನು ತಗ್ಗಿಸಬೇಕು ಎಂದು ತೋಚುವುದು ಸಹಜ. ದಶಕಗಳ ಕಾಲ ಬೆಕ್ಕುಗಳಿಗೆ ಪ್ರೆಡ್ನಿಸೊಲೋನ್ ಕೊಟ್ಟರು. ಹಸಿವು ಮರಳಿತು, ಕೆಲವು ದಿನ ಹೆಚ್ಚು ಸಿಕ್ಕಿತು, ಅಷ್ಟೇ. ಬೆಕ್ಕಿನ ಇಂಟರ್‌ಫೆರಾನ್-ಒಮೆಗಾ ಕೊಟ್ಟು 37 ಬೆಕ್ಕುಗಳ ಮೇಲೆ ನಡೆದು 2007ರಲ್ಲಿ ಪ್ರಕಟವಾದ ಜರ್ಮನಿಯ ಪರೀಕ್ಷೆಯಲ್ಲಿ ಔಷಧ ಪಡೆದವಕ್ಕೂ ಪಡೆಯದವಕ್ಕೂ ಆಯುಷ್ಯದಲ್ಲಿ ವ್ಯತ್ಯಾಸ ಕಾಣಲಿಲ್ಲ.

ಇದೇ ಪ್ರಶ್ನೆ 2020ರಲ್ಲಿ ಮನುಷ್ಯರಿಗಾಗಿ ಹೊಸೂರು ರಸ್ತೆಯ ಪಟ್ಟಿಯಲ್ಲೇ ಎದ್ದಿತು. ಎಲೆಕ್ಟ್ರಾನಿಕ್ ಸಿಟಿಯ ಬಯೋಕಾನ್ ತಯಾರಿಸುವ ಇಟೊಲಿಜುಮ್ಯಾಬ್, ಟಿ ಕೋಶಗಳ ಮೇಲಿನ ಸಿಡಿ6 ಗುರುತನ್ನು ಹಿಡಿಯುವ ಪ್ರತಿಕಾಯ. ಸೋರಿಯಾಸಿಸ್‌ಗೆ 2013ರಿಂದ ಬಳಕೆಯಲ್ಲಿದ್ದ ಅದಕ್ಕೆ, ಕೋವಿಡ್‌ನ ಸೈಟೊಕೈನ್ ಬಿರುಗಾಳಿಯನ್ನು ತಗ್ಗಿಸಲು ಭಾರತದ ಔಷಧ ನಿಯಂತ್ರಕರು 2020ರ ಜುಲೈನಲ್ಲಿ ತುರ್ತು ಬಳಕೆಯ ಅನುಮತಿ ಕೊಟ್ಟರು. ಆಧಾರ 30 ರೋಗಿಗಳ ಪರೀಕ್ಷೆ. ಇಷ್ಟು ಸಣ್ಣ ಪರೀಕ್ಷೆ ಸಾಕೇ ಎಂಬ ಟೀಕೆ ಬಂತು; ರಾಷ್ಟ್ರೀಯ ಕಾರ್ಯಪಡೆ ತನ್ನ ಚಿಕಿತ್ಸಾ ಸೂಚಿಯಲ್ಲಿ ಅದನ್ನು ಸೇರಿಸಲಿಲ್ಲ. ನಿರೋಧವನ್ನು ತಗ್ಗಿಸುವುದು ಮನುಷ್ಯರಲ್ಲಿ ನಿಷ್ಫಲವೆಂದು ಇದರರ್ಥವಲ್ಲ. ಅದೇ ವರ್ಷದ ಜೂನ್‌ನಲ್ಲಿ ಬ್ರಿಟನ್ನಿನ ರಿಕವರಿ ಪರೀಕ್ಷೆ, ವೆಂಟಿಲೇಟರ್ ಮೇಲಿದ್ದವರ ಸಾವನ್ನು ಡೆಕ್ಸಾಮೆಥಸೋನ್ ಮೂರನೆಯ ಒಂದರಷ್ಟು ತಗ್ಗಿಸಿತೆಂದು ತೋರಿಸಿತ್ತು. ಮನುಷ್ಯರ ಕೋವಿಡ್‌ನಲ್ಲಿ ಬಿರುಗಾಳಿ ಏಳುವ ಹೊತ್ತಿಗೆ ವೈರಸ್ ಇಳಿಮುಖದಲ್ಲಿರುತ್ತದೆ. ಬೆಕ್ಕಿನಲ್ಲಿ ವೈರಸ್ ಮ್ಯಾಕ್ರೋಫೇಜಿನೊಳಗೆ ಬೆಳೆಯುತ್ತಲೇ ಇರುತ್ತದೆ, ಉರಿಯೂತಕ್ಕೆ ಸೌದೆ ಒಟ್ಟುತ್ತಲೇ ಇರುತ್ತದೆ. ಸ್ಟಿರಾಯ್ಡ್ ಮೊದಲೇ ಸೊರಗಿದ ಟಿ ಕೋಶಗಳನ್ನು ಇನ್ನಷ್ಟು ಸೊರಗಿಸುತ್ತದೆ.

ವೈರಸ್ಸನ್ನೇ ನಿಲ್ಲಿಸಿದರೆ ಏನಾಗುತ್ತದೆ ಎಂಬುದನ್ನು ಪೆಡರ್ಸನ್ ತಂಡ 2019ರಲ್ಲಿ ಪ್ರಕಟಿಸಿತು. ಜಿಎಸ್-441524 ವೈರಸ್ಸಿನ ಆರ್‌ಎನ್‌ಎ ನಕಲಾಗುವುದನ್ನು ತಡೆಯುವ ಸಣ್ಣ ಅಣು. ತಾವಾಗಿ ಎಫ್‌ಐಪಿ ಹಿಡಿದ 31 ಬೆಕ್ಕುಗಳಿಗೆ ಕನಿಷ್ಠ ಹನ್ನೆರಡು ವಾರ ಕೊಡುವ ಉದ್ದೇಶದಿಂದ ಚರ್ಮದಡಿ ಚುಚ್ಚತೊಡಗಿದರು. 25 ಬೆಕ್ಕುಗಳು ಉಳಿದವು. ಜ್ವರ ಒಂದೆರಡು ದಿನದಲ್ಲಿ, ಹೊಟ್ಟೆನೀರು ಒಂದೆರಡು ವಾರದಲ್ಲಿ ಇಳಿಯಿತು. ಲಿಂಫೊಸೈಟ್ ಏರಿತು, ಗ್ಲಾಬ್ಯುಲಿನ್ ಇಳಿಯಿತು. ನಿರೋಧ ವ್ಯವಸ್ಥೆಯನ್ನು ಯಾರೂ ಮುಟ್ಟಲಿಲ್ಲ, ಅದು ತಾನಾಗಿ ಹಳಿಗೆ ಬಂತು. ಅರ್ಧ ಶತಮಾನದ ವಾದಕ್ಕೆ ಇಷ್ಟು ನೇರವಾದ ಉತ್ತರ ಇನ್ನೊಂದಿಲ್ಲ.

ಕೋವಿಡ್‌ನಲ್ಲಿ ಬಳಸಿದ ರೆಮ್ಡೆಸಿವಿರ್ ರಕ್ತದಲ್ಲಿ ಒಡೆದು ಜಿಎಸ್-441524 ಆಗುತ್ತದೆ. 2021ರ ಏಪ್ರಿಲ್-ಮೇನಲ್ಲಿ ಬೆಂಗಳೂರಿನ ಜನ ರೆಮ್ಡೆಸಿವಿರ್ ವಯಲ್‌ಗಾಗಿ ಕಾಳಸಂತೆಯಲ್ಲಿ ಪರದಾಡಿದರು. ಅದಕ್ಕೆ ಮುಂಚಿನಿಂದಲೇ ಲೋಕದ ಬೆಕ್ಕಿನ ಒಡೆಯರು ಜಿಎಸ್-441524ಗಾಗಿ ಅದೇ ಬಗೆಯ ಸಂತೆಯಲ್ಲಿದ್ದರು. ಬ್ರಿಟನ್ನಿನಲ್ಲಿ 2021ರಿಂದ, ಅಮೆರಿಕದಲ್ಲಿ 2024ರ ಜೂನ್‌ನಿಂದ ಅದು ವೈದ್ಯರ ಚೀಟಿಯ ಮೇಲೆ ಸಿಗತೊಡಗಿತು. ಭಾರತದಲ್ಲಿ 2021ರ ಡಿಸೆಂಬರ್ 28ರಂದು ಮನುಷ್ಯರ ತುರ್ತು ಬಳಕೆಗೆ ಅನುಮತಿ ಪಡೆದ ಮೊಲ್ನುಪಿರಾವಿರ್ ಕೂಡ ಎಫ್‌ಐಪಿ ವೈರಸ್ಸಿನ ಮೇಲೆ ಕೆಲಸ ಮಾಡುತ್ತದೆ. ಅದು ವೈರಸ್ಸಿನ ನಕಲಿನಲ್ಲಿ ತಪ್ಪುಗಳನ್ನು ತುರುಕುತ್ತದೆ. ಸೈಪ್ರಸ್ ಸರ್ಕಾರ 2023ರ ಆಗಸ್ಟ್‌ನಲ್ಲಿ ತನ್ನ ದಾಸ್ತಾನಿನಲ್ಲಿದ್ದ ಕೋವಿಡ್ ಮಾತ್ರೆಗಳನ್ನು ಬೆಕ್ಕುಗಳಿಗೆ ಬಿಟ್ಟುಕೊಟ್ಟಿತು. ಕಣ್ಣು, ಮಿದುಳಿಗೆ ಹರಡಿದ ಕಾಯಿಲೆಗೆ ಜಿಎಸ್-441524ರ ಪ್ರಮಾಣ ಏರಿಸಬೇಕು, ರಕ್ತ ಮತ್ತು ಮಿದುಳಿನ ನಡುವಿನ ತಡೆಯನ್ನು ಅದು ಸುಲಭವಾಗಿ ದಾಟುವುದಿಲ್ಲ.

84 ದಿನದ ಚಿಕಿತ್ಸೆ ಬಹುಕಾಲ ರೂಢಿಯಾಗಿತ್ತು. 40 ಬೆಕ್ಕುಗಳ ಮೇಲೆ ಮ್ಯೂನಿಕ್‌ನಲ್ಲಿ ನಡೆದು 2024ರಲ್ಲಿ ಬಂದ ಅಧ್ಯಯನ, ಒದ್ದೆ ರೂಪಕ್ಕೆ 42 ದಿನವೂ ಸಾಲುತ್ತದೆ ಎಂದಿತು. ಹಾಗಿದ್ದರೆ ಕೊನೆಯ ಕೆಲಸ ಮುಗಿಸುವುದು ಚೇತರಿಸಿಕೊಂಡ ಟಿ ಕೋಶಗಳೇ ಎಂದು ಊಹಿಸಬಹುದು. ಆದರೆ ಗುಣವಾದ ಬೆಕ್ಕು ಅದೇ ಮನೆಯಲ್ಲಿ ಕರುಳಿನ ವೈರಸ್ಸನ್ನು ಮತ್ತೆ ಪಡೆಯಬಹುದು, ಅದರಿಂದ ಎರಡನೆಯ ಸಲ ಎಫ್‌ಐಪಿ ಬಂದ ಉದಾಹರಣೆಯೂ ವರದಿಯಾಗಿದೆ. ಅದಕ್ಕೇ ಚಿಕಿತ್ಸೆ ಮುಗಿದ ದಿನ ವೈದ್ಯರು ಹೇಳುವ ಮಾತು ತೀರ ಸಾಮಾನ್ಯವಾದದ್ದು: ಬೆಕ್ಕಿಗೊಂದು ಟ್ರೇ, ಮೇಲೆ ಒಂದು ಹೆಚ್ಚಿಗೆ, ದಿನಕ್ಕೆರಡು ಸಲ ಬಳಿಯಿರಿ, ಊಟದ ತಟ್ಟೆಯಿಂದ ದೂರ ಇಡಿ.